ಮಳೆ ಹೋಯಿತೆಂದು ನಂಬುವುದು ಯಾವಾಗ?

ನವೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಬಂಟ್ವಾಳ ಕಡೆಯ ಅಡಿಕೆ ಕೃಷಿಕರು ದಿನಕ್ಕೆ ಹತ್ತು ಸಲ ಮೂಡು ದಿಕ್ಕಿಗೆ ಕತ್ತೆತ್ತುತ್ತಾರೆ. ಮರದಲ್ಲಿ ಗೊನೆ ಹಣ್ಣಾಗಿದೆ. ಕೊಯ್ಲಿನವರು 'ನಾಡಿದ್ದು ಬರ್ತೇವೆ' ಅಂದಿದ್ದಾರೆ. ಅಂಗಳದ ಹುಲ್ಲು ಕೆತ್ತಿ ಆಗಿದೆ. ತೋಡಿನ ನೀರು ದಿನಕ್ಕಿಷ್ಟು ಇಳಿಯುತ್ತಾ ಇದೆ, ಕಟ್ಟ ಹಾಕಬೇಕು. ಈ ಎಲ್ಲ ಕೆಲಸಕ್ಕೂ ಒಂದೇ ಪ್ರಶ್ನೆ ಅಡ್ಡ ನಿಂತಿರುತ್ತದೆ: ಮಳೆ ಹೋಯಿತೋ ಇಲ್ಲವೋ?

ಬೇಗ ನಂಬಿ ಅಡಿಕೆ ಹರವಿದರೆ ಅರ್ಧ ಒಣಗಿದ ರಾಶಿ ನೆನೆದು ಕರಿಗೋಟಾಗುತ್ತದೆ. ಬೇಗ ಕಟ್ಟ ಹಾಕಿದರೆ ಒಂದು ರಾತ್ರಿಯ ನೆರೆಗೆ ಕೊಚ್ಚಿಹೋಗುತ್ತದೆ. ಹಾಗೆಂದು ಕಾಯುತ್ತಾ ಕುಳಿತರೆ ಹಣ್ಣಡಿಕೆ ಉದುರಿ ಹೆಕ್ಕುವ ಕೆಲಸ ಹೆಚ್ಚುತ್ತದೆ, ತೋಡಿನ ನೀರು ಸಮುದ್ರಕ್ಕೆ ಹೋಗಿ ಮಾರ್ಚಿಗೆ ಪಂಪು ಗಾಳಿ ಎಳೆಯುತ್ತದೆ. ಎರಡೂ ಕಡೆ ನಷ್ಟ ಉಂಟು. ಆದ ಕಾರಣ ಈ ಒಂದು ತಿಂಗಳ ಹವೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಕ್ಯಾಲೆಂಡರು ಹೇಳುವುದು

ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ ಮುಂಗಾರು ಇಡೀ ದೇಶದಿಂದ ಹಿಂದೆ ಸರಿಯುವ ಸರಾಸರಿ ದಿನ ಅಕ್ಟೋಬರ್ 15. ಅಲ್ಲಿಂದ ಡಿಸೆಂಬರ್ ಕೊನೆಯ ತನಕ ಅವರ ಪುಸ್ತಕದಲ್ಲಿ ಹಿಂಗಾರು. (ಮರದ ಹಿಂಗಾರಕ್ಕೂ ಈ ಹಿಂಗಾರಿಗೂ ಸಂಬಂಧ ಇಲ್ಲ. ಆದರೆ ಎರಡಕ್ಕೂ ನಮ್ಮ ನಿದ್ದೆ ಕೆಡಿಸುವ ಗುಣ ಉಂಟು.) ನಮ್ಮ ಹಿರಿಯರದು ನಕ್ಷತ್ರದ ಲೆಕ್ಕ. ಚಿತ್ತೆ, ಸ್ವಾತಿ ಕಳೆದು ವಿಶಾಖ ನವೆಂಬರ್ ಮೊದಲ ವಾರ ಹುಟ್ಟುತ್ತದೆ. ಅನುರಾಧ ನವೆಂಬರ್ 19ರ ಹೊತ್ತಿಗೆ. ಅನುರಾಧ ಅರ್ಧ ಆದ ಮೇಲೆ ಬರುವ ಮಳೆಯನ್ನು ಅವರು 'ಅಕಾಲ ಮಳೆ' ಎಂದೇ ಕರೆಯುತ್ತಿದ್ದರು. ತುಳು ತಿಂಗಳಲ್ಲಿ ಹೇಳುವುದಾದರೆ ಬೊಂತೇಲು ಮುಗಿದು ಜಾರ್ದೆ ಹಿಡಿದಾಗ ಮಳೆಗಾಲದ ಬಾಕಿ ತೀರಬೇಕು.

ತೀರಬೇಕು ನಿಜ, ಆದರೆ ತೀರುವುದಿಲ್ಲ. 2021ರ ನವೆಂಬರ್ ಇಡೀ ತಿಂಗಳು ರಾಜ್ಯದಲ್ಲಿ ಮಳೆ ಹೊಯ್ದದ್ದು, ಮಲೆನಾಡಿನಲ್ಲಿ ಕಾಫಿ ಹಣ್ಣು ಗಿಡದಲ್ಲೇ ಒಡೆದು ಉದುರಿದ್ದು ಎಲ್ಲರಿಗೂ ನೆನಪಿದೆ. 2024ರಲ್ಲಿ ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಅದು ಸಾಯದೆ, ಬಲ ಕಳಕೊಂಡು ಪಶ್ಚಿಮಕ್ಕೆ ತೆವಳಿ ಅರಬ್ಬಿ ಕಡಲಿಗೆ ಇಳಿಯುವಾಗ, ಡಿಸೆಂಬರ್ ಮೊದಲ ವಾರ, ನಮ್ಮ ಕರಾವಳಿಗೂ ಜೋರು ಮಳೆ ಸುರಿಸಿತು. ಪುದುಚೇರಿಯ ಗಾಳಿಗೆ ನಮ್ಮ ಅಂಗಳದ ಅಡಿಕೆ ನೆನೆಯುತ್ತದೆ ಎಂದು ಆ ವರ್ಷ ಹಲವರಿಗೆ ಗೊತ್ತಾಯಿತು.

ಎರಡು ಬಗೆಯ ಮಳೆ

ಈ ಸಮಯದಲ್ಲಿ ನಮ್ಮಲ್ಲಿ ಬರುವ ಮಳೆ ಎರಡು ಜಾತಿಯದ್ದು. ಇದನ್ನು ಬೇರೆ ಬೇರೆ ಮಾಡಿ ನೋಡಲು ಕಲಿತರೆ ಅರ್ಧ ಕೆಲಸ ಆಯಿತು.

ಮೊದಲನೆಯದು ತುಲಾ ತಿಂಗಳ ಗುಡುಗು ಮಳೆ. ಬೆಳಗ್ಗೆ ಆಕಾಶ ತೊಳೆದ ಹಾಗೆ ಇರುತ್ತದೆ. ಹನ್ನೊಂದರ ಹೊತ್ತಿಗೆ ಸೆಖೆ. ಮಣ್ಣಿನಲ್ಲಿ ಇನ್ನೂ ತುಂಬಿರುವ ನೀರು ಆವಿಯಾಗಿ ಮೇಲೇಳುತ್ತದೆ, ಅದಕ್ಕೆ ಘಟ್ಟದ ಎತ್ತರವೂ ಸೇರಿ ಮೂಡು ದಿಕ್ಕಿನಲ್ಲಿ ಹತ್ತಿಯ ಗುಡ್ಡೆಯ ಹಾಗೆ ಮೋಡ ಕಟ್ಟುತ್ತದೆ. ಮೂರು ಗಂಟೆಗೆ ಅದರ ಅಡಿ ಕಪ್ಪಾಗುತ್ತದೆ. ನಾಲ್ಕಕ್ಕೆ ಗುಡುಗು, ಸಿಡಿಲು, ಒಂದು ಗಂಟೆ ಹೊಡೆತ. ಕತ್ತಲಾದಾಗ ನಕ್ಷತ್ರ ಕಾಣುತ್ತದೆ. ಇದು ಒಂದು ಗ್ರಾಮಕ್ಕೆ ಬಂದು ಪಕ್ಕದ ಗ್ರಾಮಕ್ಕೆ ಬಾರದೆ ಇರಬಹುದು. ಹಾಗಾಗಿ ಮುನ್ಸೂಚನೆಯಲ್ಲಿ ನಿಮ್ಮ ಮನೆಗೇ ಇಷ್ಟು ಗಂಟೆಗೆ ಎಂದು ಹೇಳಲಿಕ್ಕೆ ಯಾರಿಗೂ ಆಗುವುದಿಲ್ಲ. ನಮ್ಮ ಕಣ್ಣೇ ಗತಿ. ಆದರೆ ಇದಕ್ಕೆ ಒಂದು ಒಳ್ಳೆಯ ಗುಣ ಉಂಟು: ಮೂರು ಗಂಟೆಯ ಮೊದಲು ಬರುವುದು ಅಪರೂಪ. ಅಷ್ಟರೊಳಗೆ ಅಡಿಕೆಗೆ ನಾಲ್ಕೈದು ಗಂಟೆ ಬಿಸಿಲು ಸಿಕ್ಕಿರುತ್ತದೆ. ಮಣ್ಣಿನ ಮೇಲ್ಪದರ ಒಣಗಿ, ಮೂಡಣ ಒಣ ಗಾಳಿ ಬೀಸಲಿಕ್ಕೆ ಹಿಡಿದ ಮೇಲೆ ಈ ಮಳೆ ತಾನಾಗಿ ನಿಲ್ಲುತ್ತದೆ.

ಎರಡನೆಯದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ, ಕೆಲವೊಮ್ಮೆ ಅರಬ್ಬಿ ಕಡಲಿನದ್ದು. ಇದಕ್ಕೆ ಗುಡುಗಿನ ಆರ್ಭಟ ಕಡಿಮೆ. ಮೊದಲು ಬಹಳ ಎತ್ತರದಲ್ಲಿ ತೆಳ್ಳಗಿನ ಮೋಡ, ಬಿಳಿ ಪರದೆ ಎಳೆದ ಹಾಗೆ. ಸೂರ್ಯನಿಗೋ ಚಂದ್ರನಿಗೋ ಸುತ್ತ ಬಳೆ ಕಾಣಬಹುದು. ಆ ಎತ್ತರದ ಮೋಡದಲ್ಲಿರುವುದು ನೀರಿನ ಹನಿ ಅಲ್ಲ, ಮಂಜುಗಡ್ಡೆಯ ಹರಳು. ಬೆಳಕು ಅದರಲ್ಲಿ ಮುರಿದು ಬಳೆ ಆಗುತ್ತದೆ. ಬಳೆ ಕಂಡದ್ದಕ್ಕೆಲ್ಲ ಮಳೆ ಬರುತ್ತದೆ ಎಂದಲ್ಲ, ಆದರೆ ರೇಡಿಯೋದಲ್ಲೋ ಮೊಬೈಲಿನಲ್ಲೋ ಕುಸಿತದ ಸುದ್ದಿಯೂ ಇದ್ದು ಬಳೆಯೂ ಕಂಡರೆ ಟರ್ಪಾಲು ಹುಡುಕಿಡಬೇಕು. ಈ ಮಳೆ ಬಂದರೆ ಎರಡು ದಿನ, ಮೂರು ದಿನ, ಹಗಲು ರಾತ್ರಿ ಜಿನುಗುತ್ತದೆ. ಬಿಸಿಲೇ ಇಲ್ಲ. ಅಡಿಕೆಗೆ ದೊಡ್ಡ ವೈರಿ ಇದೇ.

ಸಮಾಧಾನ ಎಂದರೆ ಇದಕ್ಕೆ ಮುನ್ಸೂಚನೆ ಉಂಟು. ಕುಸಿತ ಕಡಲಲ್ಲಿ ಹುಟ್ಟಿ ದಡಕ್ಕೆ ಬರಲಿಕ್ಕೆ ದಿನಗಳು ಬೇಕು. ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಕೆಲವು ದಿನ ಮೊದಲೇ ಕೊಡುತ್ತದೆ. ವಾಟ್ಸಾಪಿನಲ್ಲಿ ಓಡಾಡುವ 'ಭಾರೀ ಚಂಡಮಾರುತ' ಸಂದೇಶಗಳಲ್ಲಿ ತಾರೀಕೇ ಇರುವುದಿಲ್ಲ, ಕೆಲವು ಮೂರು ವರ್ಷ ಹಳೆಯವು. ಅದನ್ನು ನೋಡಿ ಕೊಯ್ಲು ನಿಲ್ಲಿಸುವುದು ಬೇಡ.

ಇಬ್ಬನಿ ಹೇಳುವ ಮಾತು

ನಾನು ಹೆಚ್ಚು ನಂಬುವುದು ಬೆಳಗ್ಗಿನ ಇಬ್ಬನಿಯನ್ನು. ಖರ್ಚಿಲ್ಲದ ಸಾಧನ.

ಮೋಡವಿಲ್ಲದ ರಾತ್ರಿ, ಗಾಳಿ ಇಲ್ಲದಿದ್ದರೆ, ನೆಲ ಹಗಲು ಹೀರಿಕೊಂಡ ಬಿಸಿಯನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ನೆಲ, ಹುಲ್ಲು, ಮಾಡಿನ ಶೀಟು ಎಲ್ಲ ತಣ್ಣಗಾಗುತ್ತವೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಿನ ಗಾಳಿಗೆ ನೀರಾವಿ ಹಿಡಿದಿಡುವ ಶಕ್ತಿ ಕಡಿಮೆ. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ಆವಿ ಹಿಡಿಯಬಲ್ಲದು, 20 ಡಿಗ್ರಿಗೆ ಇಳಿದರೆ ಬರೇ 17 ಗ್ರಾಂ. ಹೆಚ್ಚಾದದ್ದು ಹುಲ್ಲಿನ ತುದಿಯಲ್ಲಿ ಹನಿಯಾಗಿ ಕೂರುತ್ತದೆ. ಮೋಡ ಇದ್ದರೆ ಅದು ಕಂಬಳಿ ಹೊದೆಸಿದ ಹಾಗೆ ನೆಲದ ಬಿಸಿಯನ್ನು ಹಿಂದಕ್ಕೆ ಕಳಿಸುತ್ತದೆ, ನೆಲ ತಣಿಯುವುದಿಲ್ಲ, ಇಬ್ಬನಿ ಬೀಳುವುದಿಲ್ಲ. ಮರದ ಅಡಿಯಲ್ಲಿ ಇಬ್ಬನಿ ಇಲ್ಲದಿರುವುದಕ್ಕೂ ಕಾರಣ ಇದೇ. ಅಲ್ಲಿ ಕಂಬಳಿಯ ಕೆಲಸ ಮಾಡುವುದು ಮರದ ಸೊಪ್ಪು.

ಹಾಗಾದರೆ ವಾರಗಟ್ಟಲೆ ಚೆನ್ನಾಗಿ ಇಬ್ಬನಿ ಬಿದ್ದು, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಹುಲ್ಲು ಒಣಗಿ ಇದ್ದರೆ ಅರ್ಥ ಏನು? ಎರಡು ಕಾರಣ ಇರಬಹುದು. ರಾತ್ರಿ ಸೆಖೆ ಇತ್ತು, ಹೊದಿಕೆ ಬೇಡ ಅನಿಸಿತು ಅಂತಾದರೆ ಮೋಡ ಬಂದಿದೆ, ಮೇಲೆ ನೋಡಿ. ರಾತ್ರಿ ಚಳಿ ಇತ್ತು, ತುಟಿ ಒಡೆಯಿತು, ಬಾಳೆ ಎಲೆ ಪರಪರ ಹೇಳಿತು ಅಂತಾದರೆ ಮೂಡಣ ಒಣ ಗಾಳಿ ಹಿಡಿದಿದೆ. ಮೊದಲನೆಯದು ಟರ್ಪಾಲಿಗೆ ಸೂಚನೆ, ಎರಡನೆಯದು ಅಡಿಕೆ ಹರವಲಿಕ್ಕೆ ಆಹ್ವಾನ. ಇವೆರಡನ್ನೂ ಕೂಡಿಸಿ 'ಇಬ್ಬನಿ ಇಲ್ಲದಿದ್ದರೆ ಮಳೆ' ಎಂದು ಹೇಳುವವರಿದ್ದಾರೆ. ಅದು ಅರ್ಧ ಮಾತು.

ತಣ್ಣಗಿನ ಗಾಳಿ ಭಾರ. ಅದು ನೀರಿನ ಹಾಗೆ ಗುಡ್ಡೆಯಿಂದ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ತೋಟದ ಕೆಳಭಾಗದಲ್ಲಿ, ತೋಡಿನ ಬದಿಯಲ್ಲಿ ಮಂಜು ಮುಸುಕಿರುವಾಗ ಗುಡ್ಡೆಯ ಗೇರು ಮರಕ್ಕೆ ಬಿಸಿಲು ಬಿದ್ದಿರುತ್ತದೆ. ಅಡಿಕೆ ಒಣಗಿಸುವ ಜಾಗ ಹೊಸತಾಗಿ ಮಾಡುವವರು ಇದನ್ನು ಗಮನಿಸಬೇಕು. ಒಂದೇ ಜಾಗದಲ್ಲಿ, ತಗ್ಗಿನ ಅಂಗಳಕ್ಕೂ ಇಪ್ಪತ್ತು ಅಡಿ ಮೇಲಿನ ದರೆಯ ಅಂಗಳಕ್ಕೂ ಬೆಳಗ್ಗೆ ಒಂದು ಗಂಟೆಯ ವ್ಯತ್ಯಾಸ ಬರುತ್ತದೆ.

ಚಳಿಗಾಲದ ಹೆಸರಿನ ಬಿಸಿಲುಗಾಲ

ಘಟ್ಟದ ಮೇಲಿನ ನೆಂಟರು ನಮ್ಮ 'ಚಳಿ'ಯನ್ನು ಕೇಳಿ ನಗುತ್ತಾರೆ. ನಗಲಿ. ಡಿಸೆಂಬರ್-ಜನವರಿಯಲ್ಲಿ ಇಡೀ ದೇಶದಲ್ಲೇ ಹೆಚ್ಚು ಉಷ್ಣತೆ ಮಂಗಳೂರು ಇಲ್ಲವೇ ಕಾರವಾರದ ಕಡೆ ದಾಖಲಾದ ದಿನಗಳು ಬೇಕಾದಷ್ಟಿವೆ. ಕಾರಣ ಅದೇ ಮೂಡಣ ಗಾಳಿ. ಗಾಳಿ ಘಟ್ಟದಿಂದ ಕೆಳಗೆ ಇಳಿಯುವಾಗ ಒತ್ತಿ ಬಿಸಿಯಾಗುತ್ತದೆ, ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಷ್ಟು. ಬಿಸಿಯಾದಷ್ಟೂ ಅದರ ಬಾಯಾರಿಕೆ ಹೆಚ್ಚು. ಕಡಲ ಗಾಳಿ ತಡವಾಗಿ ಬೀಸಿದ ದಿನ ಮಧ್ಯಾಹ್ನ 34-35 ಡಿಗ್ರಿ, ಬೆಳಗ್ಗೆ 19-20. ಹಗಲು ರಾತ್ರಿಗೆ ಇಷ್ಟು ಅಂತರ ನಮ್ಮಲ್ಲಿ ಬೇರೆ ಯಾವ ಕಾಲದಲ್ಲೂ ಇಲ್ಲ. ಅಡಿಕೆ ಒಣಗಲಿಕ್ಕೆ ಇದಕ್ಕಿಂತ ಒಳ್ಳೆಯ ಹವೆ ಇಲ್ಲ. ಎಳೆಯ ಅಡಿಕೆ ಗಿಡಕ್ಕೆ ಇದಕ್ಕಿಂತ ಕೆಟ್ಟದ್ದೂ ಇಲ್ಲ.

ಇನ್ನೊಂದು ವಿಷಯ ಸೂರ್ಯನ ದಾರಿ. ಡಿಸೆಂಬರ್ 21-22ಕ್ಕೆ ಸೂರ್ಯ ತೆಂಕಿನ ತುದಿಗೆ ಹೋಗುತ್ತಾನೆ. ನಮ್ಮಲ್ಲಿ ಅಂದು ನಡುಮಧ್ಯಾಹ್ನ, ಗಡಿಯಾರದ ಹನ್ನೆರಡೂವರೆ ಹೊತ್ತಿಗೆ, ಒಂದು ಮೀಟರ್ ಕೋಲು ನೆಟ್ಟರೆ ಬಡಗಿಗೆ ಸುಮಾರು 73 ಸೆಂಟಿಮೀಟರ್ ನೆರಳು ಬೀಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ನೆರಳು ಕೋಲಿನ ಎರಡು ಪಟ್ಟಿಗೆ ಹತ್ತಿರ. ಏಪ್ರಿಲ್‌ನಲ್ಲಿ ಅಂಗಳಕ್ಕೆ ಏನೂ ತೊಂದರೆ ಕೊಡದ ತೆಂಕು ಬದಿಯ ಹಲಸಿನ ಮರ ಡಿಸೆಂಬರಿನಲ್ಲಿ ಅರ್ಧ ಅಂಗಳ ನುಂಗುವುದು ಹೀಗೆ. ಹತ್ತು ಮೀಟರ್ ಎತ್ತರದ ಮರ ಮಧ್ಯಾಹ್ನವೂ ಏಳು ಮೀಟರಿಗೆ ಮಿಕ್ಕಿ ನೆರಳು ಚಾಚುತ್ತದೆ. ಗೆಲ್ಲು ಸವರುವುದಿದ್ದರೆ ನವೆಂಬರಿನ ಮೊದಲ ವಾರ ಸವರಬೇಕು. ಅಂಗಳದ ತೆಂಕು-ಮೂಡು ಮೂಲೆಯ ಗೆಲ್ಲು ಮೊದಲು, ಬೆಳಗ್ಗಿನ ಬಿಸಿಲು ಬರುವುದು ಅಲ್ಲಿಂದ. ಕತ್ತಲೆ ಬೇಗ ಆಗುವುದು ಡಿಸೆಂಬರಿನಲ್ಲಿ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ನಮ್ಮಲ್ಲಿ ಅತಿ ಬೇಗ ಸೂರ್ಯ ಮುಳುಗುವುದು ನವೆಂಬರ್ 20ರ ಆಸುಪಾಸು, ಹೆಚ್ಚುಕಡಿಮೆ ಆರು ಗಂಟೆಗೆ. ಡಿಸೆಂಬರ್ ಕಳೆಯುವಾಗ ಸಂಜೆ ಮತ್ತೆ ಉದ್ದವಾಗಲು ಹಿಡಿದಿರುತ್ತದೆ.

ಸೂರ್ಯ ತೆಂಕಿಗೆ ವಾಲಿದ ಕಾರಣ ಮಧ್ಯಾಹ್ನದ ನಂತರದ ಬಿಸಿಲು ಅಡಿಕೆ ಮರದ ನೈಋತ್ಯ ಬದಿಗೆ ನೇರ ಹೊಡೆಯುತ್ತದೆ. ತೋಟದ ತೆಂಕು-ಪಡು ಅಂಚಿನ ಮರಗಳಿಗೆ, ಎಳೆಯ ಗಿಡಗಳಿಗೆ ಇದು ಹೆಚ್ಚು. ಕಾಂಡದಲ್ಲಿ ಮೊದಲು ಹೊಂಬಣ್ಣದ ಹಳದಿ ಕಲೆ, ಮತ್ತೆ ಕಂದು, ಮತ್ತೆ ಬಿರುಕು. ಬಿರುಕಿಗೆ ಹುಳ-ಶಿಲೀಂಧ್ರ ಹೊಕ್ಕು ಒಳಗೆ ಕುಂಬಾಗುತ್ತದೆ. ಮರ ಅಂದೇ ಸಾಯುವುದಿಲ್ಲ. ನಾಲ್ಕಾರು ವರ್ಷ ಕಳೆದು ಒಂದು ಗಾಳಿಗೆ ಅದೇ ಜಾಗದಲ್ಲಿ ಮುರಿಯುತ್ತದೆ, ನಾವು ಗಾಳಿಗೆ ಬೈಯುತ್ತೇವೆ. ಸೋಗೆಯನ್ನೋ ಹಾಳೆಯನ್ನೋ ಆ ಬದಿಗೆ ಕಟ್ಟುವುದು ಹಳೆಯ ಪದ್ಧತಿ, ಈಗಲೂ ಅದಕ್ಕಿಂತ ಅಗ್ಗದ್ದು ಇಲ್ಲ. ಕಟ್ಟುವುದು ಜನವರಿಯಲ್ಲಿ ಅಲ್ಲ, ಮಳೆ ಬಿಟ್ಟ ಕೂಡಲೇ. ಕಲೆ ಬಿದ್ದ ಮೇಲೆ ಕಟ್ಟಿದರೆ ಕಲೆ ಮುಚ್ಚಿದ ಹಾಗಾಗುತ್ತದೆ, ಅಷ್ಟೆ.

ಅಂಗಳದಲ್ಲಿ

ಚಾಲಿ ಆಗಲಿಕ್ಕೆ ಹಣ್ಣಡಿಕೆಗೆ 35ರಿಂದ 45 ದಿನದ ಬಿಸಿಲು ಬೇಕು. ಒಂದೇ ಪದರದಲ್ಲಿ ಹರವಬೇಕು ಎಂಬುದು ಎಲ್ಲರಿಗೂ ಗೊತ್ತು, ಜಾಗ ಸಾಲದೆ ಎರಡು ಪದರ ಮಾಡುವವರೂ ನಾವೇ. ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಅಡಿಕೆ ಎಷ್ಟು ದಿನದ್ದು ಎಂಬುದರ ಮೇಲೆ ಮಳೆಯ ಹಾನಿ ನಿಂತಿದೆ.

ಕೊಯ್ದು ನಾಲ್ಕೈದು ದಿನದ ಅಡಿಕೆಗೆ ಸಿಪ್ಪೆ ಇನ್ನೂ ಬಿಗಿ. ಮೇಲೆ ಮೇಣದ ಹಾಗೆ ಹೊಳಪು ಉಂಟು. ಒಂದು ಮಳೆ ಬಿದ್ದರೆ ನೀರು ಜಾರಿ ಹೋಗುತ್ತದೆ, ಮರುದಿನ ಬಿಸಿಲು ಬಂದರೆ ಹೆಚ್ಚೇನೂ ಆಗುವುದಿಲ್ಲ. ಎರಡು-ಮೂರು ವಾರ ಕಳೆದದ್ದು ಹಾಗಲ್ಲ. ಸಿಪ್ಪೆ ಸುಕ್ಕಿ, ಒಡೆದು, ನಾರು ಸ್ಪಂಜಿನ ಹಾಗೆ ಆಗಿರುತ್ತದೆ. ನೀರು ಒಳಗೆ ಹೋಗಿ ಸಿಪ್ಪೆಗೂ ಗೋಟಿಗೂ ನಡುವೆ ನಿಲ್ಲುತ್ತದೆ. ಹೊರಗಿಂದ ಮರುದಿನವೇ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟು ಬೆಳೆಯುತ್ತಾ ಇರುತ್ತದೆ. ಸುಲಿಯುವಾಗ ಗೊತ್ತಾಗುತ್ತದೆ, ಆಗ ಅದು ಚಾಲಿಯ ಸಾಲಿನಿಂದ ಪಟೋರಕ್ಕೋ ಕರಿಗೋಟಿಗೋ ಇಳಿದಿರುತ್ತದೆ. ಆದ್ದರಿಂದ ಮೋಡ ಕಂಡು ಓಡುವಾಗ ಮೊದಲು ಮುಚ್ಚಬೇಕಾದದ್ದು ಹಳೆಯ ರಾಶಿ, ಹೊಸತು ಮತ್ತೆ. ಮನೆಯಲ್ಲಿ ಮೂರೇ ಜನ ಇರುವಾಗ ಈ ಕ್ರಮ ಗೊತ್ತಿದ್ದರೆ ಉಪಕಾರ ಆಗ್ತದೆ. ಕೊಯ್ಲಿನ ತಾರೀಕನ್ನು ಒಂದು ತಗಡಿನ ಚೂರಿನಲ್ಲಿ ಬರೆದು ಪ್ರತಿ ಭಾಗದಲ್ಲಿ ಇಟ್ಟರೆ ಮಕ್ಕಳಿಗೂ ಹೇಳಬೇಕಾಗಿಲ್ಲ.

ಮುಚ್ಚುವುದರಲ್ಲೂ ವಿಷಯ ಉಂಟು. ಟರ್ಪಾಲನ್ನು ಅಡಿಕೆಯ ಮೇಲೆ ನೇರ ಹಾಸಿದರೆ ಅಡಿಕೆಯ ಬೆವರು ಟರ್ಪಾಲಿನ ಒಳಮೈಯಲ್ಲಿ ಹನಿಯಾಗಿ ಮತ್ತೆ ಅಡಿಕೆಗೇ ಬೀಳುತ್ತದೆ. ನಡುವೆ ಅಡಿಕೆ ಮರದ ಸಲಾಕೆಯನ್ನೋ ಬಿದಿರನ್ನೋ ಎತ್ತರಕ್ಕೆ ಇಟ್ಟು, ಎರಡು ತುದಿ ಬಿಟ್ಟು, ಗಾಳಿ ಆಡುವ ಹಾಗೆ ಹೊದೆಸಬೇಕು. ಎರಡು ದಿನಕ್ಕಿಂತ ಹೆಚ್ಚು ಮೋಡ ಇದ್ದರೆ ಮಳೆ ನಿಂತ ಹೊತ್ತು ನೋಡಿ ತೆರೆದು ಕೈಯಾಡಿಸಲೇಬೇಕು. ರಾಶಿ ಹಾಕಿದ ಅಡಿಕೆ ಒಳಗೆ ಬಿಸಿಯಾಗುತ್ತದೆ. ಕೈ ಹಾಕಿ ನೋಡಿದರೆ ಗೊತ್ತಾಗುತ್ತದೆ. ಆ ಬಿಸಿ ಬೂಷ್ಟಿಗೆ ಬಾಣಂತಿ ಕೋಣೆ.

ಮಳೆ ಇಲ್ಲದ ದಿನವೂ ಸಂಜೆ ಮುಚ್ಚಬೇಕೇ? ಇದು ವರ್ಷವೂ ಬರುವ ಚರ್ಚೆ. ಒಂದು ರಾತ್ರಿಯ ಇಬ್ಬನಿ ಲೆಕ್ಕಕ್ಕೆ ಸಣ್ಣದು, ಹೆಚ್ಚೆಂದರೆ ಅರ್ಧ ಮಿಲಿಮೀಟರಿನೊಳಗೆ. 0.2 ಮಿಲಿಮೀಟರ್ ಎಂದು ಹಿಡಿದರೂ ಹತ್ತು ಮೀಟರ್ ಉದ್ದಗಲದ ಅಂಗಳಕ್ಕೆ 20 ಲೀಟರ್ ನೀರು ಆಯಿತು. ಯಾರಾದರೂ ದಿನಾ ರಾತ್ರಿ ಒಂದೂವರೆ ಎರಡು ಕೊಡ ನೀರು ನಿಮ್ಮ ಅಡಿಕೆಗೆ ಚಿಮುಕಿಸಿ ಹೋದರೆ ಸುಮ್ಮನೆ ಬಿಡುತ್ತೀರಾ? ಮೊದಲ ಹತ್ತು ದಿನದ ಅಡಿಕೆಗೆ ಇದರಿಂದ ದೊಡ್ಡ ನಷ್ಟ ಇಲ್ಲ. ಕೊನೆಯ ಹದಿನೈದು ದಿನದ್ದಕ್ಕೆ ಮಾತ್ರ, ಬಿಸಿಲಿನ ಮೊದಲ ಎರಡು ಗಂಟೆ ರಾತ್ರಿಯ ನೀರು ಆರಿಸಲಿಕ್ಕೇ ಹೋಗುತ್ತದೆ. ಎಲ್ಲವನ್ನೂ ಮುಚ್ಚಲು ಆಳು ಇಲ್ಲದಿದ್ದರೆ ಒಣಗುತ್ತಾ ಬಂದದ್ದನ್ನಾದರೂ ಮುಚ್ಚಿ. ಬೆಳಗ್ಗೆ ತೆರೆಯುವಾಗ ಬೇಗ ಎದ್ದ ಉತ್ಸಾಹದಲ್ಲಿ ಆರೂವರೆಗೇ ಟರ್ಪಾಲು ಎಳೆಯುವುದು ಬೇಡ. ಮಂಜು ಬಿಟ್ಟು ನೆಲದ ತೇವ ಆರಿದ ಮೇಲೆ ಸಾಕು.

ಒಣಗಿತೋ ಎಂದು ನೋಡುವ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಗೋಟು ಸದ್ದು ಮಾಡಬೇಕು. ಹತ್ತು ಕಡೆಯಿಂದ ಒಂದೊಂದು ಹೆಕ್ಕಿ, ಸುಲಿದು, ತುಂಡು ಮಾಡಿ ನೋಡುವುದು ಇನ್ನೂ ಒಳ್ಳೆಯದು.

ಯುವಿ ಶೀಟಿನ ಒಣಗು ಮನೆ ಈಗ ಹಲವು ಕಡೆ ಬಂದಿದೆ. ಮಳೆಯ ಹೆದರಿಕೆ ಇಲ್ಲ, ಒಳ್ಳೆಯದೇ. ಆದರೆ ಬಾಗಿಲು, ಗಾಳಿಕಿಂಡಿ ಮುಚ್ಚಿಟ್ಟರೆ ಅದೂ ದೊಡ್ಡ ಟರ್ಪಾಲೇ. ಒಳಗೆ ಹೋದಾಗ ಕನ್ನಡಕ ಮಸುಕಾದರೆ ಆವಿ ಹೊರಗೆ ಹೋಗುತ್ತಾ ಇಲ್ಲ ಎಂದು ಅರ್ಥ. ಮೇಲುಗಡೆ ಗಾಳಿ ಹೋಗಲು ದಾರಿ ಮಾಡಿ ಕೊಡಬೇಕು.

ಕೊಯ್ಲಿನ ಬಗ್ಗೆ ಎರಡು ಮಾತು. ಇಬ್ಬನಿ ಬಿದ್ದ ಬೆಳಗ್ಗೆ ಅಡಿಕೆ ಮರದ ಕಾಂಡ ಪಾಚಿಯ ಜೊತೆ ಸೇರಿ ಸಾಬೂನಿನ ಹಾಗೆ ಜಾರುತ್ತದೆ. ಕೊಯ್ಲಿನವರು ಎಂಟಕ್ಕೇ ಬಂದರೂ ಕಾಂಡ ಆರುವ ತನಕ ಚಾ ಕೊಟ್ಟು ಕೂರಿಸುವುದರಲ್ಲಿ ನಷ್ಟ ಇಲ್ಲ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಕೊಯ್ಯುವುದಾಗಿದೆ. ಅದು ಹಗುರ, ಉದ್ದ, ಮತ್ತು ವಿದ್ಯುತ್ ಹರಿಯುವ ವಸ್ತು. ಬಿದಿರಿನ ಕೋಲಿನ ಅಭ್ಯಾಸದಲ್ಲಿ ಕರೆಂಟ್ ಲೈನಿನ ಹತ್ತಿರ ಅದನ್ನು ಎತ್ತಬಾರದು. ಇಬ್ಬನಿಗೆ ಒದ್ದೆಯಾಗಿದ್ದರೆ ಕೇಳುವುದೇ ಬೇಡ. ಲೈನಿನ ಅಡಿಯ ಮರಗಳನ್ನು ದೋಟಿಯ ಲೆಕ್ಕದಿಂದ ಬಿಟ್ಟೇಬಿಡಿ.

ತೋಡಿಗೆ ಕಟ್ಟ

ಕಟ್ಟದ ವಿಷಯದಲ್ಲಿ ಕಾಸರಗೋಡು ಜಿಲ್ಲೆಯ ಏತಡ್ಕದವರು ಒಂದೇ ತೋಡಿಗೆ ಸಾಲು ಸಾಲಾಗಿ ಕಟ್ಟ ಹಾಕಿ ಉಳಿದವರಿಗೆ ದಾರಿ ತೋರಿಸಿದ್ದಾರೆ. ಒಂದು ಕಟ್ಟದ ನೀರು ನಿಲ್ಲುವಲ್ಲಿಗೆ ಮೇಲಿನ ಕಟ್ಟದ ಬುಡ. ಹೀಗಾದರೆ ತೋಡು ಇಡೀ ಒಂದು ಕೆರೆ. ನಿಂತ ನೀರು ಬದಿಯ ಮಣ್ಣಿಗೆ ಇಂಗಿ ಬಾವಿಯ ಮಟ್ಟವನ್ನೂ ಹಿಡಿದಿಡುತ್ತದೆ.

ಯಾವಾಗ ಹಾಕುವುದು? ತೋಡಿನ ನೀರನ್ನೇ ಕೇಳಬೇಕು. ಒಂದು ಕೋಲಿಗೆ ಇಂಚಿನ ಗುರುತು ಹಾಕಿ ತೋಡಿನಲ್ಲಿ ಹೆಚ್ಚು ಸೆಳೆತ ಇಲ್ಲದಲ್ಲಿ ನೆಟ್ಟು ದಿನಾ ಬೆಳಗ್ಗೆ ನೋಡಿ ಬರೆಯಿರಿ. ಮಳೆ ಬಿಟ್ಟ ಮೊದಲ ದಿನಗಳಲ್ಲಿ ಮಟ್ಟ ಸರ್ರನೆ ಇಳಿಯುತ್ತದೆ, ಅದು ಮೇಲ್ಮೈಯ ನೀರು. ಮತ್ತೆ ಇಳಿತ ನಿಧಾನವಾಗುತ್ತದೆ. ಆಗ ಬರುತ್ತಾ ಇರುವುದು ಗುಡ್ಡೆಯ ಒಳಗಿಂದ ಒಸರುವ ನೀರು. ಇಳಿತ ನಿಧಾನವಾದ ಮೇಲೆ, ಮುಂದಿನ ಒಂದು ವಾರಕ್ಕೆ ಕುಸಿತದ ಸುದ್ದಿ ಇಲ್ಲದಿದ್ದರೆ, ಕಟ್ಟಕ್ಕೆ ಕೈ ಹಾಕಬಹುದು. ನಮ್ಮ ಕಡೆ ಇದು ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ ಬರುತ್ತದೆ. ಸಣ್ಣ ತೋಡಿಗೆ ಬೇಗ, ಹೊಳೆಗೆ ತಡ.

ಮರಳು ಚೀಲದ ಕಟ್ಟವಾದರೂ, ಕಿಂಡಿ ಅಣೆಕಟ್ಟಾದರೂ ಒಮ್ಮೆಲೇ ಪೂರ್ತಿ ಎತ್ತರಕ್ಕೆ ಏರಿಸದೆ ಎರಡು ಹಂತ ಮಾಡುವುದು ಕ್ಷೇಮ. ಮೊದಲು ಅರ್ಧ ಎತ್ತರ. ಇದರ ಮೇಲಿಂದ ಹೆಚ್ಚಿನ ನೀರು ಹರಿದು ಹೋಗಬಲ್ಲದು. ಅನುರಾಧ ಮುಗಿದ ಮೇಲೆ ಉಳಿದ ಅರ್ಧ. ಅಕಾಲ ಮಳೆ ಬಂದರೆ ನಷ್ಟವಾಗುವುದು ಮೇಲಿನ ಎರಡು ಸಾಲು ಚೀಲ ಮಾತ್ರ. ಕಿಂಡಿ ಅಣೆಕಟ್ಟಿನಲ್ಲಿ ಹಲಗೆ ಹಾಕುವವರು ಒಬ್ಬರು, ನೆರೆ ಬಂದ ರಾತ್ರಿ ಅದನ್ನು ತೆಗೆಯಬೇಕಾದವರು ಇನ್ನೊಬ್ಬರು ಎಂದಾದರೆ ಯಾರೂ ತೆಗೆಯುವುದಿಲ್ಲ. ನೀರು ಬದಿಯ ಗದ್ದೆಗೆ ನುಗ್ಗಿ ದರೆ ಕೊರೆಯುತ್ತದೆ, ಮರುವರ್ಷ ಹಲಗೆ ಹಾಕಲು ಅದೇ ಗದ್ದೆಯವರು ಬಿಡುವುದಿಲ್ಲ. ಹಲಗೆ ಹಾಕುವ ದಿನವೇ ತೆಗೆಯುವ ಇಬ್ಬರ ಹೆಸರು ನಿಶ್ಚಯ ಮಾಡಬೇಕು, ಕೆಳಗಿನ ತೋಟದವರಲ್ಲೂ ಒಂದು ಮಾತು ಹೇಳಬೇಕು. ಸಿಮೆಂಟಿಗಿಂತ ಈ ಮಾತು ಹೆಚ್ಚು ನೀರು ನಿಲ್ಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ನೀರು ಬಿಡಲು ಶುರು ಮಾಡುವುದು

ಕಟ್ಟದಲ್ಲಿ ನೀರು ನಿಂತ ಕೂಡಲೇ ಸ್ಪ್ರಿಂಕ್ಲರ್ ತಿರುಗಿಸುವ ಅವಸರ ಬೇಡ. ಅಡಿಕೆಗೆ ಸಂಶೋಧನಾ ಕೇಂದ್ರದವರ ಶಿಫಾರಸು ನವೆಂಬರ್-ಡಿಸೆಂಬರಿನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ 3-5 ದಿನಕ್ಕೊಮ್ಮೆ, ಮರಕ್ಕೆ 175 ಲೀಟರಿನಂತೆ. ಹನಿ ನೀರಾವರಿಯಾದರೆ ದಿನಕ್ಕೆ 16-20 ಲೀಟರ್. ಆದರೆ ನಿಮ್ಮ ತೋಟಕ್ಕೆ ಮೊದಲ ನೀರು ಯಾವಾಗ ಎಂದು ಪುಸ್ತಕ ಹೇಳುವುದಿಲ್ಲ. ಬುಡದಿಂದ ಎರಡು ಅಡಿ ದೂರ, ಒಂದು ಅಡಿ ಆಳ ತೆಗೆದು ಮಣ್ಣು ಹಿಡಿದು ಉಂಡೆ ಕಟ್ಟಿ. ಉಂಡೆ ನಿಂತರೆ ಕಾಯಿರಿ, ಪುಡಿಯಾದರೆ ತಡ ಆಗಿದೆ. ತಗ್ಗಿನ ಗದ್ದೆ ತೋಟಕ್ಕೂ ಗುಡ್ಡೆ ಬದಿಗೂ ಮೂರು ವಾರದ ವ್ಯತ್ಯಾಸ ಇರುತ್ತದೆ. ತುಂಬಾ ಒಣಗಿಸಿ ಮತ್ತೆ ಕೊಟ್ಟರೆ ಡಿಸೆಂಬರಿನ ಮೇಲೆ ಬಿಚ್ಚುವ ಹಿಂಗಾರಕ್ಕೆ ಪೆಟ್ಟು.

ಒಂದು ಮಿಲಿಮೀಟರ್ ಮಳೆ ಎಂದರೆ ಎಕ್ರೆಗೆ 4,000 ಲೀಟರಿಗೆ ಸ್ವಲ್ಪ ಮಿಕ್ಕಿ ನೀರು. ನವೆಂಬರಿನಲ್ಲಿ ಬಿದ್ದ 25 ಮಿಲಿಮೀಟರಿನ ಒಂದು ಗುಡುಗು ಮಳೆ ಎಕ್ರೆಗೆ ಲಕ್ಷ ಲೀಟರ್. ಅದನ್ನು ಉಳಿಸಿಕೊಳ್ಳಬೇಕಿದ್ದರೆ ಮುಚ್ಚಿಗೆ ಈಗಲೇ ಹಾಕಬೇಕು. ಫೆಬ್ರವರಿಯಲ್ಲಿ ಸೊಪ್ಪು ಹಾಕುವುದು ಕೊಡ ಖಾಲಿಯಾದ ಮೇಲೆ ಮುಚ್ಚಳ ಇಟ್ಟ ಹಾಗೆ. ಕಳೆ ಬೀಜ ಕಟ್ಟುವ ಮೊದಲು ಕೊಚ್ಚಿ ಅಲ್ಲೇ ಬುಡಕ್ಕೆ ಹಾಕಿದರೆ ಒಂದು ಕೆಲಸದಲ್ಲಿ ಎರಡು ಆಯಿತು.

ಗುಡ್ಡೆ ಮತ್ತು ಗದ್ದೆ

ಗೇರು ಮಳೆ ಬಿಟ್ಟ ಕೂಡಲೇ ಚಿಗುರುತ್ತದೆ, ಚಿಗುರಿನ ಹಿಂದೆಯೇ ಟೀ ಸೊಳ್ಳೆಯೂ ಬರುತ್ತದೆ. ಅದು ರಸ ಹೀರಿದ ಎಳೆ ಚಿಗುರು ಸುಟ್ಟ ಹಾಗೆ ಕಪ್ಪಾಗುತ್ತದೆ. ಮೋಡದ ದಿನಗಳಲ್ಲಿ ಗುಡ್ಡೆಗೆ ಹೋಗಿ ಚಿಗುರು ನೋಡಿ ಬರಬೇಕು. ಮಾವಿಗೆ ಹೂ ಬರಲು ಈ ತಂಪು ರಾತ್ರಿಗಳೇ ಬೇಕು. ಚಳಿ ಸರಿ ಹಿಡಿಯದ ವರ್ಷ ಹೂವಿನ ಬದಲು ಚಿಗುರು ಬರುವುದು ಅದಕ್ಕೇ. ಕಾಳುಮೆಣಸಿನಲ್ಲಿ ಕರೆಯ ಒಂದೆರಡು ಕಾಳು ಕೆಂಪಾದದ್ದು ಕಂಡರೆ ಆ ಬಳ್ಳಿಯ ಕೊಯ್ಲಿಗೆ ಹೊತ್ತಾಯಿತು, ಹಕ್ಕಿಗಳಿಗೆ ಅದು ನಮಗಿಂತ ಮೊದಲು ಗೊತ್ತಾಗುತ್ತದೆ.

ಏಣೆಲು ಗದ್ದೆ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಪೈರು ಕೊಯ್ದ ಗದ್ದೆಯಲ್ಲಿ ಸುಗ್ಗಿ ಬೆಳೆಗೆ ನೀರು ಇಲ್ಲದಿದ್ದರೆ ಉದ್ದು, ಹೆಸರು, ಅಲಸಂಡೆಗೆ ಈ ತೇವವೂ ಇಬ್ಬನಿಯೂ ಸಾಕು. ಆದರೆ ಕೊಯ್ದು ಹುಲ್ಲು ಕುತ್ರಿ ಮಾಡಿ, ನೆಂಟರ ಮನೆಯ ಜಂಬ್ರ ಮುಗಿಸಿ, ಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದು ಮತ್ತೆ ಉಳೋಣ ಎಂದರೆ ಮಣ್ಣು ಹೆಂಟೆ ಕಟ್ಟಿರುತ್ತದೆ. ಹೆಂಟೆಯ ನಡುವೆ ಬಿದ್ದ ಬೀಜ ಅರ್ಧ ಹುಟ್ಟುವುದಿಲ್ಲ. ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಮಣ್ಣು ಕಾಲಿಗೆ ಮೆತ್ತಬಾರದು. ಆ ಹದ ನಮ್ಮ ಮಣ್ಣಿನಲ್ಲಿ ನಾಲ್ಕೈದು ದಿನ ಮಾತ್ರ ಇರುತ್ತದೆ. ಕೊಯ್ಲಿನ ದಿನವೇ ಬೀಜ ಮನೆಯಲ್ಲಿ ಇರಲಿ.